ಮಾರ್ಕ್ ಹಿಡಿಯುತ್ತಾನೆ, ಗೋಲು ತಪ್ಪುತ್ತಾನೆ: 15ರ ಫುಟಿ ಫಾರ್ವರ್ಡ್ ಏನನ್ನು ತಿದ್ದಿಕೊಳ್ಳಬೇಕು?

ಪ್ರಶ್ನೆ: ಮೆಲ್ಬರ್ನಿನ ಪಶ್ಚಿಮ ಭಾಗದ ಟಾರ್ನೀಟ್‌ನಲ್ಲಿದ್ದೇವೆ. ಮಗನಿಗೆ 15 ವರ್ಷ. ಇಲ್ಲಿನ ಕ್ಲಬ್ಬಿನ 16ರೊಳಗಿನವರ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ತಂಡದಲ್ಲಿ ಫುಲ್ ಫಾರ್ವರ್ಡ್, ಅಂದರೆ ಎದುರಾಳಿಯ ಗೋಲಿನ ಹತ್ತಿರ ನಿಂತು ಗೋಲು ಹೊಡೆಯುವವನಾಗಿ ಆಡುತ್ತಾನೆ. ಎತ್ತರ 187 ಸೆಂ.ಮೀ., ತೂಕ 72 ಕೆ.ಜಿ. ಕಳೆದ ಒಂದೇ ವರ್ಷದಲ್ಲಿ 9 ಸೆಂ.ಮೀ. ಬೆಳೆದಿದ್ದಾನೆ. ಬಲಗಾಲಿನವನು. ತಲೆ ಮೇಲೆ ಬಂದ ಚೆಂಡನ್ನು ಬಿಡುವುದಿಲ್ಲ, ಆದರೆ ಗೋಲಿಗೆ ಹೊಡೆಯುವಾಗ ಕೆಡಿಸುತ್ತಾನೆ. 10 ಪಂದ್ಯಗಳಲ್ಲಿ 52 ಮಾರ್ಕ್. ಗೋಲಿಗೆ 42 ಹೊಡೆತ, ಅದರಲ್ಲಿ 15 ಗೋಲು, 21 ಬಿಹೈಂಡ್, 6 ಪೂರ್ತಿ ವ್ಯರ್ಥ. ಪ್ರತಿ ಹೊಡೆತ ಎಲ್ಲಿಂದ ಎಂದು ಪುಸ್ತಕದಲ್ಲಿ ಗುರುತು ಹಾಕಿದ್ದೇನೆ, ಎರಡು ಪಂದ್ಯಗಳ ವಿಡಿಯೊ ಕೂಡ ಕಳಿಸಿದ್ದೇನೆ. ಕಿಕ್ಕಿಂಗ್ ಕೋಚ್ ಇಡಬೇಕೆ? ಜಿಮ್‌ಗೆ ಸೇರಿಸಬೇಕೆ? ನಮ್ಮದು ಸಸ್ಯಾಹಾರದ ಮನೆ. ಎಎಫ್‌ಎಲ್ (ಈ ಆಟದ ರಾಷ್ಟ್ರೀಯ ವೃತ್ತಿಪರ ಲೀಗ್) ಅಕಾಡೆಮಿಯ ದಾರಿ ಇವನಿಗೆ ತೆರೆದಿದೆಯೇ?

ಉತ್ತರ: ಕಿಕ್ಕಿಂಗ್ ಕೋಚ್ ಈಗ ಬೇಡ. ಗೋಲು ತಪ್ಪುತ್ತಿರುವುದಕ್ಕೆ ಅವನ ಕಿಕ್ ಅರ್ಧ ಕಾರಣವೂ ಅಲ್ಲ. ಅದಕ್ಕೆ ಪುರಾವೆ ನಿಮ್ಮ ಪುಸ್ತಕದಲ್ಲೇ ಇದೆ.

ಈ ಆಟ ಹೊಸದಾಗಿರುವ ಓದುಗರಿಗೆ ಎರಡು ಮಾತು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ಒಂದಕ್ಕೊಂದು 6.4 ಮೀಟರ್ ದೂರ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಕಾಲಿನಿಂದ ಹೊಡೆದರೆ ಗೋಲು, 6 ಅಂಕ; ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಕನಿಷ್ಠ 15 ಮೀಟರ್ ಹಾರಿ ಬಂದ ಕಿಕ್ಕನ್ನು ನೆಲಕ್ಕೆ ಬೀಳುವ ಮೊದಲು ಶುದ್ಧವಾಗಿ ಹಿಡಿದರೆ ಅದು ಮಾರ್ಕ್. ಮಾರ್ಕ್ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ. ಅವನು ಹಿಂದೆ ಸರಿದು, ಓಡಿ ಬಂದು, ನಿರಾಳವಾಗಿ ಗೋಲಿಗೆ ಹೊಡೆಯಬಹುದು. ಅದೇ ಸೆಟ್ ಶಾಟ್. ಫಾರ್ವರ್ಡ್‌ನ ಅನ್ನ ಅದರಲ್ಲಿದೆ.

ಈಗ ನಿಮ್ಮ ಗುರುತುಗಳಿಗೆ ಬರೋಣ. ಗೋಲಿನ ಮುಂದಿನ ನಡು ಪಟ್ಟಿಯಿಂದ, ಅಂದರೆ ಎರಡೂ ಬದಿಗೆ ಸುಮಾರು 30 ಡಿಗ್ರಿಯ ಒಳಗಿನಿಂದ, ಅವನು ಹೊಡೆದದ್ದು 13. ಅದರಲ್ಲಿ 9 ಗೋಲು. ಅದರಾಚೆಗಿನ ಬದಿಗಳಿಂದ ಹೊಡೆದದ್ದು 29, ಗೋಲು ಬರೀ 6. ನಡುವಿನಿಂದ ಹತ್ತಕ್ಕೆ ಏಳು ಒಳಹಾಕುವ ಹುಡುಗನ ಕಾಲನ್ನು ಕೆಟ್ಟದು ಎನ್ನಲು ಬರುವುದಿಲ್ಲ. ಬದಿಯ 29ರಲ್ಲಿ ಹತ್ತೇ ಹತ್ತು ಹೊಡೆತಗಳನ್ನು ನಡುವಿಗೆ ತಂದಿದ್ದರೆ, ಕಿಕ್ಕಿನಲ್ಲಿ ಕೂದಲೆಳೆಯಷ್ಟೂ ಸುಧಾರಣೆ ಇಲ್ಲದೆಯೇ, ಇನ್ನೂ ಐದು ಗೋಲು ಸಿಗುತ್ತಿತ್ತು. ಹಾಗಾಗಿ ಕೇಳಬೇಕಾದ್ದು "ಏಕೆ ತಪ್ಪುತ್ತಾನೆ" ಎಂದಲ್ಲ, "ಏಕೆ ಅಲ್ಲಿ ಹಿಡಿಯುತ್ತಾನೆ" ಎಂದು.

ಮೊದಲು ಅವನಲ್ಲಿ ಇರುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಅಪರೂಪದ್ದು. ಚೆಂಡನ್ನು ಎದೆಗೆ ಕಾಯದೆ ತಲೆಯ ಮುಂದೆ, ತೋಳು ಪೂರ್ತಿ ಚಾಚಿ ಹಿಡಿಯುತ್ತಾನೆ. ಹೆಬ್ಬೆರಳುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ, ಉಳಿದ ಬೆರಳುಗಳು ಅರಳಿ, ಚೆಂಡಿನ ಹಿಂಭಾಗಕ್ಕೆ ಗೋಡೆಯಂತೆ ನಿಲ್ಲುತ್ತವೆ. ಹಿಂದಿನ ಡಿಫೆಂಡರ್ ಅದನ್ನು ಗುದ್ದಿ ಕೆಡವಬೇಕೆಂದರೆ ಇವನ ತೋಳಿನ ಮೇಲೇ ಹೊಡೆಯಬೇಕು. ಹೊಡೆದರೆ ಇವನಿಗೆ ಫ್ರೀ ಕಿಕ್. ಎಡಗಾಲಿನಿಂದ ಚಿಮ್ಮಿ ಬಲ ಮೊಣಕಾಲನ್ನು ಎತ್ತುವುದೂ ಸರಿಯಾಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ಚೆಂಡು ಎಲ್ಲಿ ಇಳಿಯುತ್ತದೆ ಎಂಬುದನ್ನು ಪಕ್ಕದವನಿಗಿಂತ ಅರ್ಧ ಸೆಕೆಂಡು ಮೊದಲು ಓದುತ್ತಾನೆ. ಕ್ರಿಕೆಟ್ಟಿನ ಔಟ್‌ಫೀಲ್ಡ್ ಕ್ಯಾಚುಗಳಿಂದ ಬಂದಿದ್ದರೂ ಬಂದಿರಬಹುದು. ಕಲಿಸಲು ತೀರ ಕಷ್ಟವಾದದ್ದು ಇದೇ.

ಆದರೆ ಒಂದು ಎಚ್ಚರಿಕೆ. 15ಕ್ಕೇ 187 ಸೆಂ.ಮೀ. ಇರುವವನು ಇಂದು ತನ್ನ ಓರಗೆಯವರ ಮೇಲಿನಿಂದ ಹಿಡಿಯುತ್ತಾನೆ. 17ಕ್ಕೆ ಅವರೆಲ್ಲ ಬೆಳೆದುಬಿಡುತ್ತಾರೆ. ಎಎಫ್‌ಎಲ್‌ನ ಕೀ ಫಾರ್ವರ್ಡ್‌ಗಳು 195 ಸೆಂ.ಮೀ.ನ ಆಸುಪಾಸು, ಹಲವರು ಅದಕ್ಕಿಂತ ಎತ್ತರ. ಇವನು 190ಕ್ಕೆ ನಿಂತರೆ ತಂಡದ ಮೂರನೇ ಎತ್ತರದವನು ಎನಿಸಿಕೊಳ್ಳುತ್ತಾನೆ, ಮತ್ತು ಆ ಜಾಗದಲ್ಲಿ ಬರೀ ಮಾರ್ಕಿನಿಂದ ಹೊಟ್ಟೆ ತುಂಬುವುದಿಲ್ಲ. ಮುಂದೆ ಬರೆಯುವ ತಿದ್ದುಪಡಿಗಳಿಗೆಲ್ಲ ಈ ಲೆಕ್ಕವೇ ಹಿನ್ನೆಲೆ.

ಇನ್ನು ಲೀಡ್, ಅಂದರೆ ಕಿಕ್ ಬರುವ ಮುನ್ನ ಡಿಫೆಂಡರ್‌ನನ್ನು ಕಳಚಿಕೊಂಡು ಚೆಂಡಿನತ್ತ ಓಡುವುದು. ವಿಡಿಯೊಗಳಲ್ಲಿ 23 ಲೀಡ್ ಎಣಿಸಿದೆ. 15 ಗಡಿಗೆರೆಯ ಕಡೆಗೇ ಹೋಗಿವೆ, ಹೆಚ್ಚಿನವು ಬಲ ಪಾಕೆಟ್ಟಿಗೆ, ಅಂದರೆ ಗೋಲಿನ ಬಲಗಡೆಯ ಮೂಲೆಗೆ. ಇದರಲ್ಲಿ ಅವನ ತಪ್ಪು ಪಾಲು ಮಾತ್ರ. ಕಿರಿಯರ ಕೋಚ್‌ಗಳು ವಿಂಗ್‌ನಲ್ಲಿ, ಅಂದರೆ ಮೈದಾನದ ಬದಿಯಲ್ಲಿ ಇರುವವನಿಗೆ "ಗೆರೆಯ ಗುಂಟ ಹೊಡಿ, ಮಧ್ಯಕ್ಕೆ ಹೊಡೆದು ಕಳೆದುಕೊಳ್ಳಬೇಡ" ಎಂದು ಹೇಳಿಕೊಟ್ಟಿರುತ್ತಾರೆ. ಚೆಂಡು ಎಲ್ಲಿಂದ ಬರುತ್ತದೋ ಅತ್ತ ಓಡು ಎಂದು ಫಾರ್ವರ್ಡ್‌ಗೆ ಹೇಳಿರುತ್ತಾರೆ. ಎರಡನ್ನೂ ಕೂಡಿಸಿದರೆ ಉತ್ತರ ಪಾಕೆಟ್. ಜೊತೆಗೆ ಎರಡನೇ ಪಂದ್ಯದ ಫುಲ್ ಬ್ಯಾಕ್‌ನನ್ನು, ಅಂದರೆ ಇವನನ್ನು ಕಾಯುವ ಡಿಫೆಂಡರ್‌ನನ್ನು ಗಮನಿಸಿ. ಅವನು ಇವನ ಹಿಂದೆ ನಿಲ್ಲುವುದೇ ಇಲ್ಲ; ಅರ್ಧ ಹೆಜ್ಜೆ ಮೈದಾನದ ನಡುಭಾಗದ ಕಡೆ ನಿಲ್ಲುತ್ತಾನೆ. ಎಮ್ಮೆಯನ್ನು ಕೊಟ್ಟಿಗೆಗೆ ಹೊಡೆಯುವವನು ಒಂದೇ ಬದಿ ತೆರೆದಿಡುವಂತೆ. ಇವನು ಮಾರ್ಕ್ ಹಿಡಿಯುತ್ತಾನೆ, ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಾರೆ, ಫುಲ್ ಬ್ಯಾಕ್ ಒಳಗೊಳಗೇ ನಗುತ್ತಾನೆ.

ಲೆಕ್ಕ ಹಾಕಿ ನೋಡಿ. ಚೆಂಡು ಇರುವವನು ಗೋಲಿನಿಂದ 60 ಮೀಟರ್ ಮುಂದೆ, ನಡುಗೆರೆಯಿಂದ 30 ಮೀಟರ್ ಬಲಕ್ಕೆ ಇದ್ದಾನೆ ಎನ್ನಿ. ನಿಮ್ಮ ಮಗ ಈಗ ನಿಲ್ಲುವುದು ಗೋಲಿನಿಂದ 15 ಮೀಟರ್ ಮುಂದೆ, 15 ಮೀಟರ್ ಬಲಕ್ಕೆ. ಅಲ್ಲಿಂದ ಚೆಂಡಿನತ್ತ 18 ಮೀಟರ್ ಓಡಿ ಹಿಡಿದರೆ, ಗೋಲಿನಿಂದ 38 ಮೀಟರ್ ದೂರ, 33 ಡಿಗ್ರಿ ಓರೆ. ಅಲ್ಲಿಂದ ಕಂಬಗಳ ಸಂದಿ ಕಣ್ಣಿಗೆ ಸುಮಾರು 8 ಡಿಗ್ರಿಯಷ್ಟೇ ತೆರೆದಿರುತ್ತದೆ, ನೇರವಾಗಿ 45 ಮೀಟರ್‌ನಿಂದ ಹೊಡೆದಷ್ಟು ಕಷ್ಟ. ಅದು ಅವನ ಕಾಲಿನ ಕೊನೆಯ ಶಕ್ತಿ. ಈಗ ಅವನನ್ನು ನಡುಗೆರೆಯಿಂದ 5 ಮೀಟರ್ ಎಡಕ್ಕೆ, ಗೋಲಿನಿಂದ 12 ಮೀಟರ್ ಮುಂದೆ ನಿಲ್ಲಿಸಿ. ಅದೇ 18 ಮೀಟರ್, ಅದೇ ಚೆಂಡಿನತ್ತ. ಹಿಡಿಯುವುದು 27 ಮೀಟರ್ ದೂರದಲ್ಲಿ, 12 ಡಿಗ್ರಿ ಓರೆಯಲ್ಲಿ. ಸಂದಿ 13 ಡಿಗ್ರಿ ತೆರೆಯಿತು. ಓಟ ಒಂದೇ, ಹೊರಟ ಜಾಗ ಬೇರೆ, ಅಷ್ಟೇ.

ಇದಕ್ಕೆ ಬೆಲೆ ಇಲ್ಲದಿಲ್ಲ. ಮೊದಲ ಲೀಡಿಗೆ ವಿಂಗ್‌ನವನು 29 ಮೀಟರ್ ಹೊಡೆದರೆ ಸಾಕಿತ್ತು. ಎರಡನೆಯದಕ್ಕೆ 41 ಮೀಟರ್, ಅದೂ ಮೈದಾನದ ಒಳಕ್ಕೆ. 16ರೊಳಗಿನವರಲ್ಲಿ ಅದನ್ನು ನಂಬಿಕೆಯಿಂದ ಹೊಡೆಯುವವರು ತಂಡಕ್ಕೆ ಮೂರ್ನಾಲ್ಕು ಜನ. ಅವರು ಯಾರು ಎಂದು ಮಗನಿಗೆ ಗೊತ್ತಿರಬೇಕು. ಅವರ ಕೈಯಲ್ಲಿ ಚೆಂಡು ಇದ್ದಾಗ ದೂರದ ಬದಿಯಿಂದ ಹೊರಡಲಿ, ಉಳಿದವರಿಗೆ ಹತ್ತಿರ ಬರಲಿ. ಕೋಚ್ ಜೊತೆ ಮಾತಾಡದೆ ಇದನ್ನು ಶುರು ಮಾಡಿಸಬೇಡಿ. ಒಳಕ್ಕೆ ಹೊಡೆದ ಕಿಕ್ ಕೈತಪ್ಪಿದರೆ ಎದುರಾಳಿ ನೇರ ನಡುವಿನಿಂದ ಓಡುತ್ತಾನೆ, ಬೈಗುಳ ವಿಂಗ್‌ನವನಿಗೆ ಬೀಳುತ್ತದೆ.

ಹೊರಡುವ ಕ್ಷಣವೂ ತಪ್ಪುತ್ತಿದೆ. 41 ಮೀಟರಿನ ಕಿಕ್ ಗಾಳಿಯಲ್ಲಿ ಇರುವುದು ಎರಡು ಕಾಲು ಸೆಕೆಂಡಿನ ಆಸುಪಾಸು. ನಿಂತಲ್ಲಿಂದ 18 ಮೀಟರ್ ಓಡಲು ಇವನಿಗೆ 2.9 ಸೆಕೆಂಡ್ ಬೇಕು. ಅಂದರೆ ಚೆಂಡು ಬೂಟಿಗೆ ತಾಗುವ ಸುಮಾರು 0.65 ಸೆಕೆಂಡು ಮೊದಲು, ಕಿಕ್ ಮಾಡುವವನ ಕೊನೆಯ ಎರಡು ಹೆಜ್ಜೆಗೆ, ಇವನ ಮೊದಲ ಹೆಜ್ಜೆ ಬೀಳಬೇಕು. ವಿಡಿಯೊದಲ್ಲಿ ಇವನು ವಿಂಗ್‌ನವನ ಕೈಗೆ ಚೆಂಡು ಬಂದ ತಕ್ಷಣ ಹೊರಡುತ್ತಾನೆ. ಅವನು ಇನ್ನೂ ತಲೆ ಎತ್ತಿರುವುದಿಲ್ಲ, ಕೈಯಲ್ಲಿ ಚೆಂಡು ಸರಿಮಾಡಿಕೊಳ್ಳುತ್ತಿರುತ್ತಾನೆ. ಇವನು ಖಾಲಿ ಜಾಗ ಮುಗಿಸಿ ನಿಂತುಬಿಡುತ್ತಾನೆ, ಡಿಫೆಂಡರ್ ಬಂದು ಸೇರುತ್ತಾನೆ, ಕಿಕ್ ಆಮೇಲೆ ಬರುತ್ತದೆ. ಎತ್ತರವಿರುವುದರಿಂದ ಆಗಲೂ ಕೆಲವನ್ನು ಹಿಡಿದುಬಿಡುತ್ತಾನೆ; ಅದಕ್ಕೇ ಯಾರೂ ತಿದ್ದಿಲ್ಲ.

ಕಲಿಸುವುದು ಹೀಗೆ. ಒಬ್ಬ ಗೆಳೆಯನನ್ನು ಕಿಕ್ಕಿಗೆ ನಿಲ್ಲಿಸಿ, ಇನ್ನೊಬ್ಬ ಡಿಫೆಂಡರ್. ಗೆಳೆಯ ಅರ್ಧ ಸಲ ನಿಜವಾಗಿ ಹೊಡೆಯಲಿ, ಅರ್ಧ ಸಲ ತಲೆ ಎತ್ತಿ ಹುಸಿ ಮಾಡಿ ನಿಲ್ಲಲಿ. ಕೊನೆಯ ಎರಡು ಹೆಜ್ಜೆ ನೋಡುವವರೆಗೆ ಮಗ ಹೊರಡಬಾರದು. ಒಂದು ದಿನಕ್ಕೆ ಎಂಟು ಲೀಡ್, ನಡುವೆ 40 ಸೆಕೆಂಡ್ ವಿರಾಮ. ಎಂಟರ ಮೇಲೆ ಮಾಡಿಸಿದರೆ ಅದು ಓಟದ ಅಭ್ಯಾಸವಾಗುತ್ತದೆ, ಲೀಡಿನದಲ್ಲ. ಅದು ಕೂತ ಮೇಲೆ ಮೈತಿರುವು ಸೇರಿಸಿ: ಗಡಿಗೆರೆಯ ಕಡೆ ಮೂರ್ನಾಲ್ಕು ಜೋರು ಹೆಜ್ಜೆ, ಹೊರಗಾಲು ಊರಿ ಒಳಕ್ಕೆ ಕತ್ತರಿಸುವುದು. ಖೋ-ಖೋದಲ್ಲಿ ಓಡುವವನು ಭುಜ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಜಾರುತ್ತಾನಲ್ಲ, ಅದೇ. ಮೊದಲ ಹೆಜ್ಜೆಗಳು ನಿಜವೆನಿಸದಿದ್ದರೆ ಡಿಫೆಂಡರ್ ಕದಲುವುದಿಲ್ಲ. ಶಾಸ್ತ್ರಕ್ಕೆಂಬಂತೆ ಮೂರು ಹೆಜ್ಜೆ ನಡೆದು ತಿರುಗುವವರೇ ಹೆಚ್ಚು.

ಮಾರ್ಕಿನಲ್ಲಿ ಒಂದು ಸಣ್ಣ ಕೊರತೆ. ಡಿಫೆಂಡರ್ ಮುಂದೆ ಇದ್ದಾಗ ಅವನ ಬೆನ್ನಿಗೆ ಕೈ ಒತ್ತಿ ಎಗರುತ್ತಾನೆ; ಎರಡು ಪಂದ್ಯದಲ್ಲಿ ಮೂರು ಫ್ರೀ ಕಿಕ್ ಬಿಟ್ಟುಕೊಟ್ಟ. 2019ರಿಂದ ಎಎಫ್‌ಎಲ್ ನಿಯಮದಲ್ಲಿ ಜಾಗ ಕಾಯಲು ಬೆನ್ನ ಮೇಲೆ ಕೈ ಇಡಬಹುದು, ತಳ್ಳಬಾರದು. ಅಂಪೈರ್ ನೋಡುವುದು ಮೊಣಕೈಯನ್ನು. ಮಡಚಿದ್ದ ಮೊಣಕೈ ನೆಟ್ಟಗಾಯಿತೋ, ಸೀಟಿ. ಕೈ ಬಿಟ್ಟು ಸೊಂಟ ಬಳಸಲಿ: ಓರೆಯಾಗಿ ನಿಂತು, ಮುಂಗೈಯನ್ನು ತನ್ನ ಎದೆಗೇ ಆನಿಸಿಕೊಂಡು, ಚೆಂಡು ಇಳಿಯುವ ಮೊದಲು ಸೊಂಟದಿಂದ ಜಾಗ ಮಾಡಿಕೊಳ್ಳಲಿ.

ಇಷ್ಟಾದ ಮೇಲೆ ಕಾಲಿನ ಮಾತು. ಕೋಚ್ ಬೇಡ ಎಂದೆ, ತಿದ್ದುವುದೇ ಬೇಡ ಎನ್ನಲಿಲ್ಲ. ನಿಮ್ಮ ಪುಸ್ತಕದ 21 ಬಿಹೈಂಡ್‌ಗಳಲ್ಲಿ 15 ಎಡ ಕಂಬದ ಹೊರಗೆ ಹೋಗಿವೆ. ತಪ್ಪು ಎರಡೂ ಕಡೆ ಹಂಚಿಹೋಗಿದ್ದರೆ ಅದು ಆತಂಕ, ದಣಿವು, ಗಾಳಿ ಏನಾದರೂ ಇರಬಹುದು. ಒಂದೇ ಕಡೆ ಹೋಗುತ್ತಿದ್ದರೆ ಅದು ಯಂತ್ರದ ದೋಷ, ಹುಡುಕಿದರೆ ಸಿಗುತ್ತದೆ. ಸಿಕ್ಕಿದೆ: ಚೆಂಡು ಬಿಡುವ ಕೈಯಲ್ಲಿ.

ಡ್ರಾಪ್ ಪಂಟ್‌ನಲ್ಲಿ, ಅಂದರೆ ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ಹೊಡೆಯುವ ಮಾಮೂಲಿ ಕಿಕ್ಕಿನಲ್ಲಿ, ಬಲಗಾಲಿನವನು ಬಲಗೈಯಿಂದ ಚೆಂಡನ್ನು ಕಾಲಿಗೆ ಇಳಿಸಬೇಕು. ಇಳಿಸಬೇಕು ಎನ್ನುವ ಪದ ಬೇಕೆಂದೇ ಬಳಸುತ್ತಿದ್ದೇನೆ, ಎಸೆಯುವುದಲ್ಲ. ಲೇಸ್ ಮುಂದಕ್ಕೆ, ಬೆರಳು ಅಗಲಿಸಿ ಚೆಂಡಿನ ಎರಡೂ ಬದಿಯಲ್ಲಿ ಸಮ. ಚೆಂಡು ಬಹುತೇಕ ನೆಟ್ಟಗೆ ಇರಲಿ. ಎಡಗೈ ಮೊದಲು ಬಿಟ್ಟುಕೊಳ್ಳುತ್ತದೆ, ಬಲಗೈ ಬಲ ತೊಡೆಯ ನೇರಕ್ಕೆ, ಸೊಂಟದಷ್ಟು ಎತ್ತರದವರೆಗೆ ಚೆಂಡಿನ ಜೊತೆ ಹೋಗಿ ಬಿಡುತ್ತದೆ. ನಿಮ್ಮ ಮಗ ಎದೆಯ ಎತ್ತರದಿಂದ ಬಿಡುತ್ತಾನೆ, ಬಿಡುವಾಗ ಕೈ ಹೊಟ್ಟೆಯ ಅಡ್ಡಕ್ಕೆ ಎಡಕ್ಕೆ ಸರಿಯುತ್ತದೆ. ಚೆಂಡು ಕಾಲಿನ ಗೆರೆಯಿಂದ ನಾಲ್ಕು ಬೆರಳು ಒಳಗೆ ಬೀಳುತ್ತದೆ. ಅದನ್ನು ಹಿಡಿಯಲು ಕಾಲು ಅಡ್ಡಕ್ಕೆ ಬೀಸುತ್ತದೆ, ಚೆಂಡು ಎಡಕ್ಕೆ ಎಳೆಯುತ್ತದೆ. ಎತ್ತರವೂ ಸೇರಿ ಕೆಡುತ್ತದೆ: 120 ಸೆಂ.ಮೀ.ನಿಂದ ಬಿಟ್ಟ ಚೆಂಡು 30 ಸೆಂ.ಮೀ.ಗೆ ಇಳಿಯಲು ಸುಮಾರು 0.43 ಸೆಕೆಂಡ್, 90ರಿಂದ ಬಿಟ್ಟದ್ದಕ್ಕೆ 0.35. ಆ ವ್ಯತ್ಯಾಸದಲ್ಲೇ ಚೆಂಡು ವಾಲುತ್ತದೆ, ಟಾರ್ನೀಟ್ ಕಡೆಯ ಬಯಲು ಗಾಳಿ ಅದನ್ನು ಇನ್ನಷ್ಟು ವಾಲಿಸುತ್ತದೆ. 38 ಮೀಟರ್ ಓರೆ ಹೊಡೆತದಲ್ಲಿ ಸಂದಿಯ ನಡುವಿನಿಂದ ಆಚೀಚೆ 4 ಡಿಗ್ರಿ ತಪ್ಪಿದರೆ ಬಿಹೈಂಡ್. ನಾಲ್ಕು ಬೆರಳಿನ ತಪ್ಪು ಅಲ್ಲಿಗೆ ಸಾಕು. ನಡುವಿನಿಂದ ಅದೇ ತಪ್ಪು ಮಾಡಿಯೂ ಗೋಲು ಬರುತ್ತಿರುವುದು ಸಂದಿ ಅಗಲವಾಗಿರುವುದರಿಂದ.

ತಿದ್ದುಪಡಿ ಹಿತ್ತಲಲ್ಲೇ ಆಗುತ್ತದೆ. ನೆಲದ ಮೇಲೆ ಒಂದು ಬಿಳಿ ಗೆರೆ, ಬಲಗಾಲು ಅದರ ಮೇಲೆ. ಕಿಕ್ ಇಲ್ಲ, ಬರೀ ಚೆಂಡು ಇಳಿಸುವುದು, ಗೆರೆಯ ಮೇಲೇ ಬೀಳಬೇಕು. ದಿನಕ್ಕೆ 20. ಎರಡು ವಾರ ಇಷ್ಟೇ, ಎಷ್ಟೇ ಬೇಜಾರಾದರೂ. ಆಮೇಲೆ 15 ಮೀಟರ್‌ನಿಂದ ಒಂದೇ ಕಂಬಕ್ಕೆ ಗುರಿ ಇಟ್ಟು ಮೆಲ್ಲಗೆ ಕಿಕ್, ನಂತರ 25, ನಂತರ 35. ಹತ್ತಕ್ಕೆ ಎಂಟು ಬರುವ ತನಕ ಹಿಂದೆ ಸರಿಯಬಾರದು. ಹುಡುಗರು ಮೈದಾನಕ್ಕೆ ಬಂದವರೇ ಗೋಲಿನಿಂದ 50 ಮೀಟರ್ ದೂರದ ಕಮಾನುಗೆರೆಯಿಂದ ಶುರು ಮಾಡುತ್ತಾರೆ. ಕಾಲು ಎಳೆದು ಹೊಡೆಯುವ ಚಾಳಿ ಅಲ್ಲೇ ಅಂಟುವುದು. ಚೆಂಡು ಪಂದ್ಯದ್ದೇ ಆಗಿರಲಿ, 5ನೇ ಅಳತೆ, ಒಳಗಿನ ಒತ್ತಡ 62ರಿಂದ 76 ಕಿಲೊಪಾಸ್ಕಲ್ ನಡುವೆ. ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಲ್ಲಾದ ಚೆಂಡಿನಿಂದ ಅಭ್ಯಾಸ ಮಾಡಿದರೆ ಬೂಟಿನ ಸ್ಪರ್ಶ ಸುಳ್ಳು ಹೇಳುತ್ತದೆ.

ಓಟದ ಹೆಜ್ಜೆ ಎಣಿಸಿ ನೋಡಿದೆ: ಒಮ್ಮೆ 9, ಒಮ್ಮೆ 13, ಒಮ್ಮೆ 11. ಒಂದನ್ನು ಆರಿಸಿಕೊಳ್ಳಲಿ. 13 ಒಳ್ಳೆಯದು: ನಾಲ್ಕು ನಡಿಗೆ, ಆರು ಹಗುರ ಓಟ, ಕೊನೆಯ ಮೂರು ಪೂರ್ತಿ ಉದ್ದ. ಈಗ ಕೊನೆಯ ಮೂರು ಮೊಟಕಾಗುತ್ತಿವೆ, ಎದುರು, ಮಾರ್ಕ್ ಹಿಡಿದ ಜಾಗದ ಗುರುತಿನ ಮೇಲೆ ನಿಂತ ಡಿಫೆಂಡರ್ ಹತ್ತಿರವಾದನಲ್ಲ ಎಂಬ ಹೆದರಿಕೆಗೆ. ಇನ್ನೂ ಐದು ಹೆಜ್ಜೆ ಹಿಂದಿನಿಂದ ಹೊರಟರೆ ಆ ಹೆದರಿಕೆ ಹೋಗುತ್ತದೆ. ಎಎಫ್‌ಎಲ್‌ನಲ್ಲೂ ಸೆಟ್ ಶಾಟ್‌ಗೆ 30 ಸೆಕೆಂಡ್ ಕೊಡುತ್ತಾರೆ, ಅವಸರವಿಲ್ಲ. ಓಟ ಮಾತ್ರ ಗುರುತು ಮತ್ತು ಗೋಲು ಸೇರಿಸುವ ಗೆರೆಯಲ್ಲೇ ಇರಬೇಕು. ಅದರಿಂದ ಆಚೆ ಸರಿದರೆ ಅಂಪೈರ್ "ಪ್ಲೇ ಆನ್" ಕೂಗುತ್ತಾರೆ, ಎಲ್ಲರೂ ಮೇಲೆ ಬೀಳುತ್ತಾರೆ. ಲ್ಯಾನ್ಸ್ ಫ್ರಾಂಕ್ಲಿನ್ ಬಿಲ್ಲಿನಂತೆ ಬಾಗಿ ಓಡಿ ಬಂದು 1066 ಗೋಲು ಹೊಡೆದರು ನಿಜ. ಅವರು ಎಡಗಾಲಿನವರು, ಆ ಬಾಗು ಅವರ ದೇಹಕ್ಕೆ ಹುಟ್ಟಿನಿಂದ ಬಂದದ್ದು. ನಕಲು ಮಾಡಬೇಕೆಂದರೆ ಮ್ಯಾಥ್ಯೂ ಲಾಯ್ಡ್ ಅವರದ್ದು ಮಾಡಲಿ. ಹುಲ್ಲು ಕಿತ್ತು ಗಾಳಿಗೆ ತೂರಿ ನೋಡುವುದರಿಂದ ಹಿಡಿದು ಎಲ್ಲವೂ ಪ್ರತಿ ಸಲ ಅದದೇ ಕ್ರಮ. ಎಸೆಂಡನ್ ಪರ 926 ಗೋಲು.

ಪಾಕೆಟ್ಟಿನಲ್ಲಿ ಹಿಡಿಯಲೇಬೇಕಾಗಿ ಬಂದರೆ? ಎಡ ಪಾಕೆಟ್, 30 ಮೀಟರ್ ಒಳಗೆ, 45 ಡಿಗ್ರಿಗಿಂತ ಓರೆ ಇದ್ದಾಗ ಬಲಗಾಲಿನವನು ಸ್ನ್ಯಾಪ್ ಮಾಡುವುದು, ಅಂದರೆ ಮೈ ತಿರುಗಿಸಿ ಚೆಂಡು ಬಾಗುವಂತೆ ಹೊಡೆಯುವುದು, ಡ್ರಾಪ್ ಪಂಟ್‌ಗಿಂತ ಮೇಲು, ಚೆಂಡು ತಾನಾಗಿ ಗೋಲಿನತ್ತ ತಿರುಗುತ್ತದೆ. ವಾರಕ್ಕೆ ಹತ್ತು ಅಭ್ಯಾಸ ಸಾಕು. ಬಲ ಪಾಕೆಟ್ಟಿನಿಂದ ಪಾದದ ಹೊರಬದಿಯಿಂದ ಬಾಗಿಸಿ ಹೊಡೆಯುವ ಬನಾನಾ ಕಿಕ್ ಬೇಕಾಗುತ್ತದೆ. ಎಎಫ್‌ಎಲ್ ಆಟಗಾರ ಎಡ್ಡಿ ಬೆಟ್ಸ್ ಅದನ್ನು ಹೊಡೆದದ್ದನ್ನು ನೋಡಿ ಎಲ್ಲ ಹುಡುಗರಿಗೂ ಆಸೆ. ಅಭ್ಯಾಸದಲ್ಲಿ ಹತ್ತಕ್ಕೆ ಏಳು ಬರುವವರೆಗೆ ಪಂದ್ಯದಲ್ಲಿ ಬೇಡ. ಅಲ್ಲಿಯವರೆಗೆ ಗೋಲಿನ ಮುಂದಕ್ಕೆ ಎತ್ತರದ ಕಿಕ್, ಇಲ್ಲವೇ ನಡುವಿನಲ್ಲಿ ಖಾಲಿ ಇರುವವನಿಗೆ ಕೊಡುವುದು.

ನನ್ನ ಮಟ್ಟಿಗೆ ಕಿಕ್ಕಿಗಿಂತ ದೊಡ್ಡ ಕೊರತೆ ಇನ್ನೊಂದಿದೆ, ಅದನ್ನು ನೀವು ಕೇಳಲೇ ಇಲ್ಲ. ಎರಡು ಪಂದ್ಯಗಳಲ್ಲಿ ಇವನು 25 ಸಲ ಮಾರ್ಕಿಗೆ ಎಗರಿದ. 11 ಹಿಡಿದ. ಉಳಿದ 14ರಲ್ಲಿ 11 ಸಲ, ಚೆಂಡು ನೆಲಕ್ಕೆ ಬಿದ್ದ ಮೇಲೆ, ನಿಂತು ನೋಡಿದ. ಒಮ್ಮೆ ಅಂಪೈರ್ ಕಡೆ ಕೈ ಚಾಚಿದ, ಎರಡು ಸಲ ಸಾಕ್ಸ್ ಎಳೆದುಕೊಂಡ. ಅಷ್ಟರಲ್ಲಿ ಡಿಫೆಂಡರ್ 30 ಮೀಟರ್ ಓಡಿ ಕಿಕ್ ಮಾಡಿಯಾಗಿತ್ತು.

ಎತ್ತರದ ಫಾರ್ವರ್ಡ್‌ನ ಕೆಲಸದಲ್ಲಿ ಅರ್ಧ, ಹಿಡಿಯಲಾಗದ ಚೆಂಡನ್ನು ಸರಿಯಾದ ಕಡೆ ಬೀಳಿಸುವುದು. ಮೂವರು ಡಿಫೆಂಡರ್‌ಗಳ ನಡುವೆ ಮಾರ್ಕಿಗೆ ಹೋಗುವುದು ಹುಚ್ಚು. ಅಲ್ಲಿ ಚೆಂಡು ಅವರ ಕೈಗೆ ಸಿಗದಂತೆ ಮುಂದಕ್ಕೆ ತಟ್ಟಬೇಕು, ಗುಂಪಿನ ಮುಂದೆ ಮೂರ್ನಾಲ್ಕು ಮೀಟರ್ ದೂರ ಕಾದಿರುವ ಗಿಡ್ಡ ಕ್ರಂಬರ್‌ಗಳಿಗೆ, ಅಂದರೆ ಬಿದ್ದ ಚೆಂಡನ್ನು ಎತ್ತುವವರಿಗೆ. 2017ರಲ್ಲಿ ರಿಚ್ಮಂಡ್ ತಂಡ ಜಾಕ್ ರೀವೋಲ್ಟ್ ಎಂಬ ಒಬ್ಬನೇ ಎತ್ತರದ ಫಾರ್ವರ್ಡ್‌ನನ್ನು ಇಟ್ಟುಕೊಂಡು, ಸುತ್ತ ಚುರುಕು ಗಿಡ್ಡರನ್ನು ಬಿಟ್ಟು, ಗ್ರಾಂಡ್ ಫೈನಲ್‌ನಲ್ಲಿ ಅಡಿಲೇಡ್ ತಂಡವನ್ನು 48 ಅಂಕಗಳಿಂದ ಸೋಲಿಸಿತು. ಚೆಂಡು ಎದುರಾಳಿಗೆ ಸಲೀಸಾಗಿ ಹೊರಹೋಗದಂತೆ ತಡೆಯುವುದೇ ಆ ತಂಡದ ಫಾರ್ವರ್ಡ್ ಸಾಲಿನ ಉಸಿರು.

ಅಭ್ಯಾಸ ಇದು: ಇಬ್ಬರು ಎಗರಲಿ, ನೀವು ಚೆಂಡನ್ನು ಮೇಲಿನಿಂದ ಬೀಳಿಸಿ. ಇಳಿಯುವಾಗ ಎರಡೂ ಕಾಲ ಮೇಲೆ, ಮೊಣಕಾಲು ಮಡಚಿ, ಗೋಲಿನತ್ತ ಮೈ ತಿರುಗಿ. ಒಂದೇ ಹಿಡಿತಕ್ಕೆ ನೆಲದಿಂದ ಎತ್ತಬೇಕು, ಬೆರಳು ನೆಲಕ್ಕೆ ತಾಗುವಷ್ಟು ಕೆಳಗೆ, ಬದಿಯಿಂದ ಬರುವವನಿಗೆ ತಲೆಯಲ್ಲ, ಸೊಂಟ ಕೊಟ್ಟು. ಎತ್ತರದವರು ಸೊಂಟದಿಂದ ಬಾಗಿ ಕೈ ಚಾಚುತ್ತಾರೆ. ಚೆಂಡು ಬೆರಳಿಗೆ ತಾಗಿ ಸಿಡಿಯುತ್ತದೆ, ತಲೆ ಮುಂದೆ ಸಿಕ್ಕಿಕೊಳ್ಳುತ್ತದೆ. ಜಾರಿ ಹೋಗಿ ಎತ್ತುವುದೂ ಬೇಡ, ಎದುರಾಳಿಯ ಮೊಣಕಾಲ ಕೆಳಗೆ ತಾಗಿದರೆ ಫ್ರೀ ಕಿಕ್. ಎತ್ತಿ, ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಗುದ್ದಿ ಕೊಡುವ ಪಾಸ್) ಕೊಟ್ಟು, ತಕ್ಷಣ 15 ಮೀಟರ್ ಬೆನ್ನಟ್ಟುವಿಕೆ. ಆರು ಸಲ, ಒಂದು ನಿಮಿಷ ವಿರಾಮ, ಇನ್ನೊಂದು ಸುತ್ತು.

ಬೆನ್ನಟ್ಟುವ ಕೋನ ಕಬಡ್ಡಿ ನೋಡಿದವರಿಗೆ ಹೇಳಿಕೊಡಬೇಕಿಲ್ಲ. ಕಾರ್ನರ್ ಆಟಗಾರ ರೇಡರ್‌ನ ಮೇಲೆ ನೇರ ಬೀಳುವುದಿಲ್ಲ, ದಾರಿ ಮುಚ್ಚಿ ಮೂಲೆಗೆ ತಳ್ಳುತ್ತಾನೆ. ಇಲ್ಲೂ ಒಳಗಿನಿಂದ ಗಡಿಗೆರೆಯ ಕಡೆಗೆ ಓಡಬೇಕು, ಕೊನೆಯ ಎರಡು ಮೀಟರ್ ಸಣ್ಣ ಹೆಜ್ಜೆ, ಕೈ ಚೆಂಡಿರುವ ತೋಳಿಗೆ. ಟ್ಯಾಕಲ್ ಆಗದಿದ್ದರೂ ಸರಿ, ಅವಸರದಲ್ಲಿ ಹೊಡೆದ ಕಿಕ್ ಹೆಚ್ಚಾಗಿ ನಿಮ್ಮವರ ಕೈಗೇ ವಾಪಸ್.

ಜಿಮ್ ವಿಚಾರ. ವರ್ಷಕ್ಕೆ 9 ಸೆಂ.ಮೀ. ಬೆಳೆಯುತ್ತಿರುವ ದೇಹಕ್ಕೆ ಭಾರ ಎತ್ತಿಸಿ ದಪ್ಪ ಮಾಡುವ ಆತುರ ಬೇಡ. ವಾರಕ್ಕೆ ಎರಡು ದಿನ, 30 ನಿಮಿಷ: ಒಂಟಿ ಕಾಲಿನ ಸ್ಕ್ವಾಟ್, ಪುಶ್‌ಅಪ್, ಪುಲ್‌ಅಪ್, ಒಂಟಿ ಕಾಲಲ್ಲಿ ಸದ್ದಿಲ್ಲದೆ ಇಳಿಯುವುದು, ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಕರ್ಲ್ ಎರಡು ಸುತ್ತು ನಾಲ್ಕು ನಾಲ್ಕು. ಜೋರು ಕಿಕ್‌ಗಳನ್ನು ಎಣಿಸಿ, ಒಂದು ಅಭ್ಯಾಸಕ್ಕೆ 40 ದಾಟದಿರಲಿ, ಪಂದ್ಯ ಬಿಟ್ಟು ವಾರಕ್ಕೆ ಎರಡೇ ದಿನ. ಬೆಳೆಯುವ ವಯಸ್ಸಿನಲ್ಲಿ ಒಂದೇ ಕಾಲಿನಿಂದ ಬೀಸಿ ಬೀಸಿ ಹೊಡೆದು ಬೆನ್ನುಮೂಳೆಯ ಕೆಳಭಾಗದಲ್ಲಿ ಬಿರುಕು ಬಿಡುವುದುಂಟು. ಹಿಂದಕ್ಕೆ ಬಾಗಿದಾಗ ಬೆನ್ನಿನ ಒಂದೇ ಬದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ಕೂರಬೇಡಿ, ಕಿಕ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊಣಕಾಲ ಚಿಪ್ಪಿನ ಕೆಳಗಿನ ಗಂಟು ನೋವು ಈ ವಯಸ್ಸಿಗೆ ಸಾಮಾನ್ಯ. ಎಗರುವುದನ್ನು ಕಡಿಮೆ ಮಾಡಿದರೆ ಇಳಿಯುತ್ತದೆ, ಪೂರ್ತಿ ಆಟ ಬಿಡಿಸಬೇಕಿಲ್ಲ.

ಸಸ್ಯಾಹಾರ ಅಡ್ಡಿಯಲ್ಲ, ಅಳತೆ ಅಡ್ಡಿ. ಕೆ.ಜಿ.ಗೆ ಒಂದೂವರೆ ಗ್ರಾಂ ಹಿಡಿದರೆ ದಿನಕ್ಕೆ ಸುಮಾರು 108 ಗ್ರಾಂ ಪ್ರೋಟೀನ್ ಬೇಕು. ಅನ್ನ, ತಿಳಿಸಾರು, ಪಲ್ಯದಲ್ಲಿ ಅದು ಬರುವುದಿಲ್ಲ. ಹಾಲು ಮೊಸರು ಸೇರಿ ಒಂದು ಲೀಟರಿನಲ್ಲಿ 33 ಗ್ರಾಂ, 100 ಗ್ರಾಂ ಪನೀರಿನಲ್ಲಿ 18ರಷ್ಟು. ಉಳಿದದ್ದಕ್ಕೆ ಹುರುಳಿ, ಕಡಲೆ, ಹೆಸರುಕಾಳು ಎರಡು ಹೊತ್ತು ಬಟ್ಟಲು ತುಂಬ, ಸೋಯಾ, ಶೇಂಗಾ. ಮುದ್ದೆ ಉಣ್ಣುವ ಮನೆಯಾದರೆ ಕಾಳುಸಾರಿನ ಕಾಳು ಜಾಸ್ತಿ ಬಡಿಸಿ. ಪಂದ್ಯದ ದಿನ ಮಾತ್ರ ಕಾಳು ಮೂರು ಗಂಟೆ ಮೊದಲೇ ಮುಗಿಸಿ, ಕಾರಣ ಹೇಳಬೇಕಿಲ್ಲ.

ಅಕಾಡೆಮಿ: ಮೂಲನಿವಾಸಿ ಮತ್ತು ಬಹುಸಂಸ್ಕೃತಿ ಹಿನ್ನೆಲೆಯ ಮಕ್ಕಳಿಗಾಗಿ ಎಎಫ್‌ಎಲ್ 2016ರಲ್ಲಿ ನೆಕ್ಸ್ಟ್ ಜನರೇಷನ್ ಅಕಾಡೆಮಿಗಳನ್ನು ಶುರು ಮಾಡಿತು. ತಂದೆ ಅಥವಾ ತಾಯಿ ಏಷ್ಯಾದಲ್ಲಿ ಹುಟ್ಟಿದ್ದರೆ ಮಗುವನ್ನು ಪರಿಗಣಿಸುತ್ತಾರೆ. ನಿಮ್ಮ ವಿಳಾಸ ಯಾವ ಕ್ಲಬ್ಬಿನ ವಲಯಕ್ಕೆ ಬರುತ್ತದೆ ಎಂದು ಸ್ಥಳೀಯ ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿದರೆ ಹೇಳುತ್ತಾರೆ. 18ರೊಳಗಿನವರ ಟ್ಯಾಲೆಂಟ್ ಲೀಗಿನಲ್ಲಿ ನಿಮ್ಮ ಕಡೆಯ ತಂಡ ವೆಸ್ಟರ್ನ್ ಜೆಟ್ಸ್. ಎಎಫ್‌ಎಲ್ ಕ್ಲಬ್ಬುಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿಗೆ ಆ ವರ್ಷದ ಡಿಸೆಂಬರ್ 31ಕ್ಕೆ 18 ತುಂಬಿರಬೇಕು, ಹಾಗಾಗಿ ಇನ್ನೂ ಸಮಯವಿದೆ. ಪ್ರತಿಭೆ ಹುಡುಕುವವರಿಗೆ ಇವನ ಮಾರ್ಕ್ ಎರಡೇ ನಿಮಿಷದಲ್ಲಿ ಕಾಣುತ್ತದೆ. ಉಳಿದ ಹೊತ್ತೆಲ್ಲ ಅವರು ನೋಡುವುದು ಆ 11 ಸಲ ನಿಂತದ್ದನ್ನು. ಕೋಚ್ ಒಪ್ಪಿದರೆ ಕ್ವಾರ್ಟರಿಗೆ ಐದು ನಿಮಿಷ ರಕ್ ಆಡಲಿ, ಅಂದರೆ ಅಂಪೈರ್ ಮೇಲಕ್ಕೆಸೆದ ಚೆಂಡಿಗೆ ಎದುರಾಳಿಯೊಡನೆ ಎಗರಲಿ, ಮೈಗೆ ಮೈ ತಾಗಿಸುವ ಧೈರ್ಯ ಬರುತ್ತದೆ.

ಮುಂದಿನ ನಾಲ್ಕು ಪಂದ್ಯ ಪುಸ್ತಕದಲ್ಲಿ ಗೋಲು ಬರೆಯಬೇಡಿ. ಮೂರು ಅಂಕಣ ಹಾಕಿ: ಲೀಡ್ ಹೊರಟ ಜಾಗ, ಮಾರ್ಕ್ ಹಿಡಿದ ಜಾಗ, ಮಾರ್ಕ್ ತಪ್ಪಿದ ಮೇಲೆ ಮೂರು ಸೆಕೆಂಡಿನಲ್ಲಿ ಏನು ಮಾಡಿದ. ಮೂರನೆಯ ಅಂಕಣವನ್ನು ಅವನೇ ವಿಡಿಯೊ ನೋಡಿ ತುಂಬಲಿ, ನೀವು ಪಕ್ಕದಲ್ಲಿ ಕೂತು ಸುಮ್ಮನಿರಿ.